ಮನೆಯಲ್ಲಿ ಮೊದಲ ಬಾರಿಗೆ ಎಂಜಿನಿಯರಿಂಗ್ ಸೀಟಿನ ಮಾತು: ಅನುಭವಸ್ಥರು ತಿಳಿಸಿ

ಪ್ರಶ್ನೆ

ನಮ್ಮದು ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಒಂದು ಹಳ್ಳಿ. ತಂದೆ ಎಪಿಎಂಸಿಯಲ್ಲಿ ಹಮಾಲರು, ತಾಯಿ ಹೊಲದ ಕೂಲಿಗೆ ಹೋಗುತ್ತಾರೆ. ನನ್ನ ತಮ್ಮ ಹತ್ತನೆಯ ತರಗತಿಯವರೆಗೆ ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿ ವಿಜ್ಞಾನ ಮುಗಿಸಿ, ಈಗ ಸಿಇಟಿ ಬರೆದಿದ್ದಾನೆ. ನಾನು ಬಿ.ಎ. ಮುಗಿಸಿ ಮನೆಯಲ್ಲಿದ್ದೇನೆ. ನನ್ನನ್ನು ತೋರಿಸಿ ಊರಿನವರು ‘ಓದಿಸಿ ಏನು ಬಂತು’ ಎಂದು ಅಪ್ಪನನ್ನು ಕೇಳುತ್ತಾರೆ. ತಮ್ಮನನ್ನು ಎಂಜಿನಿಯರಿಂಗ್‌ಗೆ ಕಳುಹಿಸುವುದೋ, ಹತ್ತಿರದ ಸರ್ಕಾರಿ ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಸೇರಿಸುವುದೋ ತಿಳಿಯದಾಗಿದೆ. ನಮ್ಮಂಥ ಮನೆಗಳಿಂದ ಓದಿ ಬಂದವರು, ಅಂಥ ಮಕ್ಕಳಿಗೆ ಪಾಠ ಹೇಳಿದವರು ದಯವಿಟ್ಟು ತಮ್ಮ ಅನುಭವ ತಿಳಿಸಬೇಕು.

ಉತ್ತರ: ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಉಪನ್ಯಾಸಕಿ

ಊರಿನವರ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅನೇಕ ಮನೆಗಳಲ್ಲಿ ಎರಡನೆಯ ಮಗುವಿನ ಓದನ್ನು ನಿರ್ಧರಿಸುವುದು ಆ ಮಾತೇ. 2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ಉನ್ನತ ಶಿಕ್ಷಣದ ಒಟ್ಟು ದಾಖಲಾತಿ ಅನುಪಾತ (18ರಿಂದ 23 ವರ್ಷದ ಪ್ರತಿ ನೂರು ಜನಸಂಖ್ಯೆಗೆ ಕಾಲೇಜಿನಲ್ಲಿ ಓದುತ್ತಿರುವವರ ಸಂಖ್ಯೆ) ದೇಶದಲ್ಲಿ 28.4, ಕರ್ನಾಟಕದಲ್ಲಿ 36.2 ಇತ್ತು, ದೇಶದ ಮಟ್ಟದಲ್ಲಿ ಪರಿಶಿಷ್ಟ ಜಾತಿಯವರಲ್ಲಿ ಅದು 25.9, ಪರಿಶಿಷ್ಟ ಪಂಗಡದವರಲ್ಲಿ 21.2. ಕಾಲೇಜು ಸೇರುವ ಹಂತದ ಈ ಅಂತರವನ್ನು ಮೀಸಲಾತಿ, ಹಾಸ್ಟೆಲ್, ವಿದ್ಯಾರ್ಥಿವೇತನಗಳು ಸ್ವಲ್ಪಮಟ್ಟಿಗಾದರೂ ತುಂಬುತ್ತಿವೆ. ಪದವಿ ಕೈಗೆ ಬಂದ ಮೇಲಿನ ಅಂತರವನ್ನು ತುಂಬುವ ವ್ಯವಸ್ಥೆ ನಮ್ಮಲ್ಲಿ ತೀರಾ ಕಡಿಮೆ.

ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು ಭಾರತದ ದುಡಿಮೆಯ ಸ್ಥಿತಿಗತಿ ಕುರಿತು 2023ರಲ್ಲಿ ಪ್ರಕಟಿಸಿದ ವರದಿಯಲ್ಲಿ 25 ವರ್ಷದೊಳಗಿನ ಪದವೀಧರರ ನಿರುದ್ಯೋಗ ಪ್ರಮಾಣ ಶೇ 42ರಷ್ಟಿದೆ. ವಯಸ್ಸು ಹೆಚ್ಚಿದಂತೆ ಅದು ಬಹಳ ಇಳಿಯುತ್ತದೆ. ಪದವೀಧರರಿಗೆ ಕೊನೆಗೂ ಒಂದು ಕೆಲಸ ಸಿಗುತ್ತದೆ, ಆದರೆ ಅದಕ್ಕೆ ಕೆಲವು ವರ್ಷ ಕಾಯಬೇಕಾಗುತ್ತದೆ ಎಂದು ನಾನು ಇದನ್ನು ಅರ್ಥ ಮಾಡಿಕೊಂಡಿದ್ದೇನೆ. ಆ ವರ್ಷಗಳನ್ನು ಯಾರ ಮನೆ ತಾಳಿಕೊಳ್ಳುತ್ತದೆ ಎಂಬಲ್ಲಿ ಹಿನ್ನೆಲೆಯ ನಿಜವಾದ ಬಲ ಕಾಣುತ್ತದೆ. ನಮ್ಮ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕುಳಿತು ಬಿ.ಎಸ್ಸಿ. ಓದಿದ ಇಬ್ಬರು ಹುಡುಗರಿದ್ದರು. ಗಣಿತದಲ್ಲಿ ಮುಂದಿದ್ದವನು ಫಲಿತಾಂಶಕ್ಕೂ ಮೊದಲೇ ಒಂದು ಫೈನಾನ್ಸ್ ಸಂಸ್ಥೆಯ ಕಂತು ವಸೂಲಿಗೆ ಸೇರಿದ, ಏಕೆಂದರೆ ಅಕ್ಕನ ಮದುವೆಯ ಸಾಲ ತೀರಿಸುವವರು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಇನ್ನೊಬ್ಬನ ತಂದೆ ಪ್ರೌಢಶಾಲಾ ಶಿಕ್ಷಕರು. ಅವನನ್ನು ಧಾರವಾಡದಲ್ಲಿ ರೂಮು ಮಾಡಿ ಇರಿಸಿದರು, ಅವನು ಸ್ಪರ್ಧಾತ್ಮಕ ಪರೀಕ್ಷೆಗೆ ಓದಿ ಎರಡನೆಯ ಪ್ರಯತ್ನದಲ್ಲಿ ಸರ್ಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕ, ಅಂದರೆ ಎಫ್‌ಡಿಎ ಆದ. ಇಬ್ಬರಿಗೂ ಪಾಠ ಹೇಳಿದವಳು ನಾನೇ, ಆದ್ದರಿಂದ ಬುದ್ಧಿಯ ವ್ಯತ್ಯಾಸದಿಂದ ಹೀಗಾಯಿತು ಎಂದು ಯಾರಾದರೂ ಹೇಳಿದರೆ ನಾನು ಒಪ್ಪಲಾರೆ. ಅದೇ ವರದಿಯ ಇನ್ನೊಂದು ಅಂಶ ನನ್ನನ್ನು ಬಹಳ ಕಾಡಿದೆ: ದಿನಗೂಲಿಯವರ ಗಂಡುಮಕ್ಕಳು ತಾವೂ ದಿನಗೂಲಿಯಲ್ಲೇ ಉಳಿಯುವ ಪ್ರಮಾಣ 2004ರಿಂದ 2018ರೊಳಗೆ ಪರಿಶಿಷ್ಟರಲ್ಲದವರಲ್ಲಿ ಶೇ 83ರಿಂದ 53ಕ್ಕೆ ಇಳಿದಿದ್ದರೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಲ್ಲಿ ಶೇ 86ರಿಂದ 76ಕ್ಕೆ ಮಾತ್ರ ಇಳಿದಿದೆ.

ಆದ್ದರಿಂದ ಕೋರ್ಸಿನ ಲೆಕ್ಕ ಹಾಕುವಾಗ ಅದರ ನಂತರದ ಒಂದು ವರ್ಷವನ್ನೂ ಸೇರಿಸಿಕೊಳ್ಳಿ. ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕರೆ ಹಿಂದುಮುಂದು ನೋಡದೆ ಕಳುಹಿಸಿ, ರಾಯಚೂರಿನಲ್ಲೇ ಒಂದಿದೆ. ಖಾಸಗಿ ಕಾಲೇಜಾದರೆ ಎಸ್‌ಎನ್‌ಕ್ಯೂ ಎಂಬ ಹೆಚ್ಚುವರಿ ಸೀಟುಗಳ ಕೋಟಾದ ಅಡಿಯಲ್ಲಿ ಸಿಗುವುದೇ ನೋಡಿ. ವಾರ್ಷಿಕ ಆದಾಯ 8 ಲಕ್ಷಕ್ಕಿಂತ ಕಡಿಮೆ ಇರುವ ಕುಟುಂಬದ ಮಕ್ಕಳಿಗಾಗಿ ಮಂಜೂರಾದ ಸೀಟುಗಳ ಮೇಲೆ ಶೇ 5ರಷ್ಟು ಹೆಚ್ಚುವರಿ ಸೀಟುಗಳಿರುತ್ತವೆ, ಅವುಗಳಿಗೆ ಬೋಧನಾ ಶುಲ್ಕವಿಲ್ಲ. ಇವೆರಡೂ ಆಗದೆ, ದೊಡ್ಡ ಸಾಲ ಮಾಡಿ ಹೆಸರು ಕೇಳದ ಕಾಲೇಜಿಗೆ ಸೇರಿಸಬೇಕಾಗಿ ಬಂದರೆ, ಬಿ.ಎಸ್ಸಿ. ಮತ್ತು ಅದರ ಮುಂದೆ ಬಿ.ಇಡಿ. ಅಥವಾ ಎಂ.ಎಸ್ಸಿ. ಎಂಬ ಸ್ಪಷ್ಟ ಗುರಿಯೇ ನಿಮ್ಮಂಥ ಮನೆಗೆ ಸುರಕ್ಷಿತ ಎಂಬುದು ನನ್ನ ಖಚಿತ ಅಭಿಪ್ರಾಯ. ಕಾಲೇಜಿಗೆ ಹೋದಾಗ ‘ಪ್ಲೇಸ್‌ಮೆಂಟ್ ಎಷ್ಟು’ ಎಂದು ಮಾತ್ರ ಕೇಳಬೇಡಿ, ಈ ಬ್ರಾಂಚಿನಿಂದ ಹೋದ ವರ್ಷ ಎಷ್ಟು ಜನಕ್ಕೆ, ಯಾವ ಕೆಲಸ, ಯಾವ ಸಂಬಳಕ್ಕೆ ಆಯಿತು ಎಂದು ಕೇಳಿ. ಅದನ್ನು ಹೇಳಲಾಗದ ಕಾಲೇಜು ದುಬಾರಿ ಶುಲ್ಕಕ್ಕೆ ಯೋಗ್ಯವಲ್ಲ.

ಉತ್ತರ: ಆನ್‌ಲೈನ್ ಸೇವಾ ಕೇಂದ್ರ ನಡೆಸುವವರು, ಸಿಂಧನೂರು

ಅಕ್ಕಾ, ಮೇಡಂ ಹೇಳಿದ ಎಲ್ಲದಕ್ಕೂ ಮೊದಲು ಕಾಗದಪತ್ರಗಳನ್ನು ಸರಿಪಡಿಸಿಕೊಳ್ಳಿ. ನಿಮ್ಮ ತಮ್ಮನಿಗೆ ಜಾತಿ ಪ್ರವರ್ಗದ ಜೊತೆಗೆ ಮೂರು ಅವಕಾಶಗಳಿವೆ: ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ 15ರ ಗ್ರಾಮೀಣ ಮೀಸಲಾತಿ, ಅಷ್ಟೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5, ಮತ್ತು ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8. ಶಾಲಾ ವ್ಯಾಸಂಗ ಪ್ರಮಾಣಪತ್ರಗಳಿಗೆ ಮುಖ್ಯೋಪಾಧ್ಯಾಯರ ಸಹಿಯ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಬೇಕು. 371(ಜೆ) ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿಗಳ ಕಚೇರಿಯಿಂದ ಪಡೆಯಬೇಕು, ಆ ಕಚೇರಿ ನಿಮ್ಮ ಲಿಂಗಸುಗೂರಿನಲ್ಲೇ ಇದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಆರ್‌ಡಿ ಸಂಖ್ಯೆಯನ್ನು ಅರ್ಜಿಯಲ್ಲಿ ನಮೂದಿಸಿದ್ದೀರಾ ಎಂದು ಮತ್ತೊಮ್ಮೆ ನೋಡಿ.

ವಿದ್ಯಾರ್ಥಿವೇತನ ತಪ್ಪುವುದು ಹೆಚ್ಚಾಗಿ ಅರ್ಹತೆ ಇಲ್ಲದೆ ಅಲ್ಲ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ಬಸವರಾಜ’, ಆಧಾರ್‌ನಲ್ಲಿ ‘ಬಸವರಾಜಪ್ಪ’ ಎಂದಿರುತ್ತದೆ. ಅಥವಾ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರುವುದಿಲ್ಲ, ರಾಜ್ಯ ವಿದ್ಯಾರ್ಥಿವೇತನ ಜಾಲತಾಣವಾದ ಎಸ್‌ಎಸ್‌ಪಿಯಲ್ಲಿ ಮಂಜೂರಾದ ಹಣ ಖಾತೆಗೆ ಇಳಿಯುವುದಿಲ್ಲ. ಹಾಸ್ಟೆಲಿನ ಅರ್ಜಿಯೇ ಬೇರೆ, ಎಸ್‌ಎಸ್‌ಪಿ ಅರ್ಜಿಯೇ ಬೇರೆ. ಒಂದನ್ನು ಹಾಕಿ ಎರಡೂ ಆಯಿತೆಂದು ತಿಳಿದ ಮಕ್ಕಳನ್ನು ಪ್ರತಿ ವರ್ಷ ನೋಡುತ್ತೇನೆ.

ಇನ್ನು ಸೀಟು ಹಂಚಿಕೆಯಾದ ಮೇಲೆ ಹಣ ಕಟ್ಟುವ ದಿನ. 2024ರಲ್ಲಿ ಉತ್ತರ ಪ್ರದೇಶದ ದಿನಗೂಲಿಯೊಬ್ಬರ ಮಗನಿಗೆ ಧನಬಾದ್‌ನ ಐಐಟಿಯಲ್ಲಿ ಸೀಟು ಸಿಕ್ಕಿತ್ತು. 17,500 ರೂಪಾಯಿಯನ್ನು ಹೊಂದಿಸುವಷ್ಟರಲ್ಲಿ ಗಡುವು ಮುಗಿದು ಸೀಟು ಕೈತಪ್ಪಿತು. ಸುಪ್ರೀಂ ಕೋರ್ಟ್ ಮಧ್ಯೆ ಪ್ರವೇಶಿಸಿದ ಮೇಲೆ ಅವನಿಗೆ ಪ್ರವೇಶ ದೊರೆಯಿತು. ಎಲ್ಲರೂ ಸುಪ್ರೀಂ ಕೋರ್ಟಿನವರೆಗೆ ಹೋಗಲಾರರು. ಆ ವಾರಕ್ಕೆ ಬೇಕಾಗುವ ಹಣವನ್ನು ಈಗಲೇ, ಸ್ವಸಹಾಯ ಸಂಘದಿಂದಲೋ ಅಪ್ಪನ ದಲ್ಲಾಳಿ ಅಂಗಡಿಯವರಿಂದಲೋ, ಮಾತಾಡಿ ಇಟ್ಟುಕೊಳ್ಳಿ.

ಉತ್ತರ: ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವವರು, ಮೂಲ ಯಾದಗಿರಿ ಜಿಲ್ಲೆ

ನನ್ನದೂ ಕನ್ನಡ ಮಾಧ್ಯಮವೇ, ತಂದೆ ಕುರಿ ಸಾಕುವವರು. ನಿಮ್ಮ ತಮ್ಮನಿಗೆ ನಾನು ಹೇಳುವುದು ಮುಖ್ಯವಾಗಿ ಮೊದಲ ಸೆಮಿಸ್ಟರಿನ ವಿಷಯ. ಪಾಠದ ವಿಷಯ ನನಗೆ ಕಷ್ಟವಾಗಲಿಲ್ಲ. ಸಂದೇಹವನ್ನು ಮನಸ್ಸಿನಲ್ಲೇ ಇಂಗ್ಲಿಷಿಗೆ ತಿರುಗಿಸಿ ಕೇಳಬೇಕೆನ್ನುವಷ್ಟರಲ್ಲಿ ಪಾಠ ಮುಂದಕ್ಕೆ ಹೋಗಿರುತ್ತಿತ್ತು. ಈಗ ತಾಂತ್ರಿಕ ಶಿಕ್ಷಣದ ಕೇಂದ್ರ ನಿಯಂತ್ರಣ ಸಂಸ್ಥೆಯಾದ ಎಐಸಿಟಿಇ ತನ್ನ ಇ-ಕುಂಭ್ ಜಾಲತಾಣದಲ್ಲಿ ಎಂಜಿನಿಯರಿಂಗ್ ಪಠ್ಯಪುಸ್ತಕಗಳನ್ನು ಕನ್ನಡದಲ್ಲೂ ಉಚಿತವಾಗಿ ಕೊಟ್ಟಿದೆ. ಕನ್ನಡದ ಪುಸ್ತಕವನ್ನೂ ಇಂಗ್ಲಿಷ್ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿದರೆ ಆ ತೊಡಕು ಬಹುಮಟ್ಟಿಗೆ ನೀಗುತ್ತದೆ.

ಮೊದಲ ವರ್ಷದಲ್ಲಿ ಪಾಸಾಗದೆ ಉಳಿದ ವಿಷಯ, ಅಂದರೆ ಬ್ಯಾಕ್‌ಲಾಗ್ ಉಳಿಸಿಕೊಳ್ಳಬಾರದು ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕೊನೆಯ ವರ್ಷದಲ್ಲಿ ಬರುವ ಅನೇಕ ಕಂಪನಿಗಳು ಹತ್ತನೆಯ ತರಗತಿ, ಪಿಯುಸಿ, ಎಂಜಿನಿಯರಿಂಗ್ ಮೂರರಲ್ಲೂ ಶೇ 60 ಇರಬೇಕು, ಬ್ಯಾಕ್‌ಲಾಗ್ ಇರಬಾರದು ಎಂದು ಮೊದಲೇ ಸೋಸುತ್ತವೆ. ಹಳ್ಳಿಯ ಹುಡುಗ ಮೂರನೆಯ ವರ್ಷಕ್ಕೆ ಎಷ್ಟೇ ಚೆನ್ನಾಗಿ ಕೋಡಿಂಗ್ ಕಲಿತಿರಲಿ, ಮೊದಲ ವರ್ಷದ ತಡವರಿಕೆಯ ಕಾರಣಕ್ಕೆ ಪರೀಕ್ಷೆಗೇ ಕೂರಲಾಗದೆ ಹೋಗುತ್ತಾನೆ. ಇದು ಅನ್ಯಾಯವೆಂದು ನಾನು ಇಂದಿಗೂ ನಂಬಿದ್ದೇನೆ, ನಮ್ಮ ತಂಡಕ್ಕೆ ಜನರನ್ನು ತೆಗೆದುಕೊಳ್ಳುವಾಗ ಹಾಗೆಂದು ಹೇಳುತ್ತಲೂ ಇದ್ದೇನೆ.

ಸಂದರ್ಶನದಲ್ಲಿ ‘ನಿಮ್ಮ ಫ್ಯಾಮಿಲಿ ಬ್ಯಾಕ್‌ಗ್ರೌಂಡ್ ಹೇಳಿ’ ಎಂದು ಕೇಳುವವರಿದ್ದಾರೆ. ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿಯಲ್ಲಿ 2007ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ಸಮಾನ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಖಾಸಗಿ ಕಂಪನಿಗಳಿಗೆ ಕಳುಹಿಸಿದಾಗ, ದಲಿತ ಮತ್ತು ಮುಸ್ಲಿಂ ಹೆಸರಿನ ಅರ್ಜಿಗಳಿಗೆ ಕರೆ ಬರುವ ಸಾಧ್ಯತೆ ಕಡಿಮೆಯಾಗಿತ್ತು. ತಮ್ಮನಿಗೆ ಇದು ಗೊತ್ತಿರಲಿ, ಒಂದು ಕಡೆ ಆಯ್ಕೆಯಾಗದಿದ್ದರೆ ಕೊರತೆ ತನ್ನದೇ ಎಂದು ಕುಗ್ಗದಿರಲಿ. ಆ ಪ್ರಶ್ನೆಗೆ ನಾನು ‘ತಂದೆ ಕುರಿ ಸಾಕುತ್ತಾರೆ, ಅವರ ಲೆಕ್ಕಪತ್ರವನ್ನು ಏಳನೆಯ ತರಗತಿಯಿಂದ ನಾನೇ ನೋಡುತ್ತಿದ್ದೇನೆ’ ಎಂದು ನೇರವಾಗಿ ಹೇಳುತ್ತಿದ್ದೆ. ಅಲ್ಲಿಂದ ಮಾತು ಮುಂದುವರಿಯುತ್ತಿತ್ತು.

ಸೀಟು ಹಂಚಿಕೆಯಲ್ಲಿ ಚಾಯ್ಸ್ 1 ಎಂದರೆ ಒಪ್ಪಿ ಸೇರುವುದು, ಚಾಯ್ಸ್ 2 ಎಂದರೆ ಸೀಟನ್ನು ಕೈಯಲ್ಲಿಟ್ಟುಕೊಂಡು ಪಟ್ಟಿಯಲ್ಲಿ ಮೇಲಿರುವುದಕ್ಕೆ ಮುಂದಿನ ಸುತ್ತಿನಲ್ಲಿ ಪ್ರಯತ್ನಿಸುವುದು. ಮನೆಯಲ್ಲಿ ತಿಳಿಸುವವರಿಲ್ಲದ ಮಕ್ಕಳು ಗಾಬರಿಯಲ್ಲಿ ಒಂದನ್ನು ಒತ್ತಿಬಿಡುತ್ತಾರೆ. ಆ ದಿನ ನನಗೆ ಸಂದೇಶ ಕಳುಹಿಸಿ, ಕೂತು ನೋಡೋಣ.

ಉತ್ತರ: ಬಿ.ಎ. ಮಾಡಿ ಈಗ ಪ್ರೌಢಶಾಲಾ ಶಿಕ್ಷಕಿಯಾಗಿರುವವರು, ಕೊಪ್ಪಳ

ತಂಗಿ, ಎಲ್ಲರೂ ತಮ್ಮನ ಬಗ್ಗೆ ಹೇಳಿದ್ದಾರೆ, ನಾನು ನಿಮ್ಮ ಬಗ್ಗೆ ಹೇಳುತ್ತೇನೆ. ನೀವು 2022-23ರಲ್ಲಿ ಅಥವಾ ಅನಂತರ ಪದವಿ ಮುಗಿಸಿ, 180 ದಿನ ಕೆಲಸವಿಲ್ಲದೆ ಇದ್ದರೆ ಯುವನಿಧಿಯಲ್ಲಿ ತಿಂಗಳಿಗೆ 3,000 ರೂಪಾಯಿಯಂತೆ ಗರಿಷ್ಠ ಎರಡು ವರ್ಷ ಸಿಗುತ್ತದೆ. ಮುಂದಿನ ಓದಿಗೆ ಸೇರಿಕೊಂಡರೆ ಅದು ನಿಲ್ಲುತ್ತದೆ. ಮೇಡಂ ಹೇಳಿದ ಆ ಕಾಯುವ ವರ್ಷಕ್ಕೆ ಸರ್ಕಾರ ಕೊಡುವ ಸಣ್ಣ ಆಸರೆ ಇದು ಎಂದು ತಿಳಿದು, ಅಷ್ಟರಲ್ಲಿ ಬಿ.ಇಡಿ. ಪ್ರವೇಶಕ್ಕೂ ಸ್ಪರ್ಧಾತ್ಮಕ ಪರೀಕ್ಷೆಗೂ ಸಿದ್ಧತೆ ಮಾಡಿಕೊಳ್ಳಿ. ಶಕ್ತಿ ಯೋಜನೆಯಿಂದ ಬಸ್ಸಿನ ಖರ್ಚಿಲ್ಲ, ಆದ್ದರಿಂದ ತಾಲ್ಲೂಕು ಕೇಂದ್ರದ ಗ್ರಂಥಾಲಯಕ್ಕೆ ದಿನವೂ ಹೋಗಿಬರಬಹುದು.

ತಮ್ಮ ದುಡಿಯುವವರೆಗೆ ನಿಮ್ಮ ಓದು ನಿಲ್ಲಲಿ ಎಂದು ಮನೆಯಲ್ಲಿ ಹೇಳಬಹುದು. ನಮ್ಮ ಮನೆಯಲ್ಲೂ ಹೇಳಿದ್ದರು. ನಾನು ಹಟ ಹಿಡಿದು ಬಿ.ಇಡಿ. ಸೇರಿದೆ, ಕೆಲಸ ಸಿಕ್ಕ ಮೇಲೆ ತಮ್ಮನ ಕೊನೆಯ ಎರಡು ವರ್ಷದ ಶುಲ್ಕ ಕಟ್ಟಿದವಳು ನಾನೇ. ಲಿಂಗಸುಗೂರಿನಿಂದ ಯಾವ ಬಿ.ಇಡಿ. ಕಾಲೇಜು ಹತ್ತಿರ, ಅರ್ಜಿಗೆ ಏನೇನು ಬೇಕು ಎಂಬುದನ್ನು ನಿಮ್ಮ ಅಂಕಗಳನ್ನು ತಿಳಿಸಿದರೆ ವಿವರವಾಗಿ ಬರೆಯುತ್ತೇನೆ.