ಮಗಳು ಕಲರ್ ಗಾರ್ಡ್ ಸೇರುತ್ತೇನೆ ಎನ್ನುತ್ತಿದ್ದಾಳೆ, ಅನುಭವ ಇದ್ದವರು ಹೇಳಿ

ಡಲ್ಲಾಸ್ ಹತ್ತಿರದ ತಾಯಿ (ಪ್ರಶ್ನೆ):
ಮಗಳು ಈಗ ಎಂಟನೆಯ ತರಗತಿ, ಆಗಸ್ಟ್‌ನಲ್ಲಿ ಹೈಸ್ಕೂಲು. ಚಿಕ್ಕಂದಿನಿಂದ ಭರತನಾಟ್ಯ ಕಲಿಯುತ್ತಿದ್ದಾಳೆ. ಈಗ ಮಾರ್ಚಿಂಗ್ ಬ್ಯಾಂಡಿನ (ನಡೆಯುತ್ತ ವಾದ್ಯ ನುಡಿಸುವ ಶಾಲಾ ತಂಡ) ಜೊತೆ ಬಾವುಟ ತಿರುಗಿಸುವ ಕಲರ್ ಗಾರ್ಡ್‌ಗೆ ಆಡಿಷನ್ ಕೊಡುತ್ತೇನೆ ಎಂದು ಹಟ ಹಿಡಿದಿದ್ದಾಳೆ. ನಾನು ಓದಿದ್ದು ಹಾಸನದಲ್ಲಿ. ಶಾಲೆಯಲ್ಲಿ ಬಾವುಟ ಎಂದರೆ ನನಗೆ ಗೊತ್ತಿರುವುದು ಆಗಸ್ಟ್ ಹದಿನೈದರ ಪಥಸಂಚಲನ ಮಾತ್ರ. ಇದು ಚಿಯರ್‌ಲೀಡಿಂಗ್ ಥರವೇ? ಸಮಯ ಎಷ್ಟು ಹಿಡಿಯುತ್ತದೆ, ಖರ್ಚು ಎಷ್ಟು, ಪೆಟ್ಟಾಗುತ್ತದೆಯೇ? ನಾಟ್ಯ ಬಿಡಬೇಕಾದೀತೇ ಎಂಬುದೇ ದೊಡ್ಡ ಚಿಂತೆ.

ಪ್ಲೇನೋದಿಂದ, ಇಬ್ಬರು ಹೆಣ್ಣುಮಕ್ಕಳ ತಾಯಿ:
ಚಿಯರ್‌ಲೀಡಿಂಗ್ ಬೇರೆ, ಇದು ಬೇರೆ. ಚಿಯರ್‌ಲೀಡರ್‌ಗಳು ಪಂದ್ಯ ನಡೆಯುವಷ್ಟು ಹೊತ್ತೂ ಮೈದಾನದ ಅಂಚಿನಲ್ಲಿ ನಿಂತು ಜನರನ್ನು ಹುರಿದುಂಬಿಸುತ್ತಾರೆ. ಕಲರ್ ಗಾರ್ಡ್ ಬ್ಯಾಂಡಿನದೇ ಒಂದು ಭಾಗ. ಶುಕ್ರವಾರ ರಾತ್ರಿ ಫುಟ್‌ಬಾಲ್ ಪಂದ್ಯದ ಅರ್ಧ ವಿರಾಮದಲ್ಲಿ ಬ್ಯಾಂಡ್ ಮೈದಾನಕ್ಕೆ ಇಳಿದಾಗ, ಸಂಗೀತ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂಬುದನ್ನು ಬಾವುಟ, ಮರದ ರೈಫಲ್, ಸೇಬರ್ ಎಂಬ ಕತ್ತಿ ಮತ್ತು ನೃತ್ಯದಿಂದ ತೋರಿಸುವವರು ಇವರು. ತಿರುಗಿಸುವುದು ರಾಷ್ಟ್ರಧ್ವಜವನ್ನಲ್ಲ, ಆ ವರ್ಷದ ಪ್ರದರ್ಶನಕ್ಕೆಂದು ಹೊಲಿಸಿದ ಬಣ್ಣದ ಬಾವುಟಗಳನ್ನು. ಇದರ ಬೇರು ಸೈನ್ಯದ ಧ್ವಜದಳದಲ್ಲಿದೆ. ಮೊದಲ ಮಹಾಯುದ್ಧದ ನಂತರ ಮಾಜಿ ಸೈನಿಕರ ಸಂಘಗಳು ಡ್ರಮ್ ಮತ್ತು ಬ್ಯೂಗಲ್ ತಂಡಗಳನ್ನು ಕಟ್ಟಿದವು. ಅಲ್ಲಿ ಧ್ವಜ ಹಿಡಿದು ನೆಟ್ಟಗೆ ನಡೆಯುವುದಷ್ಟೇ ಇದ್ದದ್ದು ಕ್ರಮೇಣ ತಿರುಗಿಸುವುದು, ಎಸೆಯುವುದು, ಕುಣಿಯುವುದು ಎಂದು ಬೆಳೆಯಿತು.

ಸಮಯದ ವಿಷಯದಲ್ಲಿ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಬೇಸಿಗೆ ರಜೆ ಮುಗಿಯುವ ಮೊದಲೇ ಬ್ಯಾಂಡ್ ಕ್ಯಾಂಪ್ ಎಂಬ ಅಭ್ಯಾಸ ಶಿಬಿರ. ಟೆಕ್ಸಾಸಿನ ಆಗಸ್ಟ್ ಬಿಸಿಲು, ಕಾದ ಡಾಂಬರು, ಜೊತೆಗೆ ಒಂದು ಗ್ಯಾಲನ್ ನೀರಿನ ಡಬ್ಬ. ಶಾಲೆ ಶುರುವಾದ ಮೇಲೆ ತರಗತಿಯ ದಿನಗಳಲ್ಲಿ ಶಾಲಾ ಅವಧಿಯ ಹೊರಗೆ ವಾರಕ್ಕೆ ಎಂಟು ಗಂಟೆಗಿಂತ ಹೆಚ್ಚು ಅಭ್ಯಾಸ ಮಾಡಿಸಬಾರದು ಎಂದು ಯು.ಐ.ಎಲ್. (ಟೆಕ್ಸಾಸಿನ ಶಾಲಾ ಸ್ಪರ್ಧೆಗಳನ್ನು ನಡೆಸುವ ಸಂಸ್ಥೆ) ನಿಯಮವಿದೆ. ಶನಿವಾರ ಆ ಲೆಕ್ಕಕ್ಕೆ ಬರುವುದಿಲ್ಲ, ಮತ್ತು ಹೆಚ್ಚಿನ ಸ್ಪರ್ಧೆಗಳು ಶನಿವಾರವೇ. ಹಾಗಾಗಿ ಸೆಪ್ಟೆಂಬರಿನಿಂದ ನವೆಂಬರ್ ಮೊದಲ ವಾರದವರೆಗೆ ನಿಮ್ಮ ವಾರಾಂತ್ಯ ಶಾಲೆಯದು. ದಸರಾ ಗೊಂಬೆ ಕೂರಿಸುವುದು, ದೀಪಾವಳಿ, ಕನ್ನಡ ಕೂಟದ ರಾಜ್ಯೋತ್ಸವ, ಎಲ್ಲವೂ ಹೆಚ್ಚುಕಡಿಮೆ ಇದೇ ಅವಧಿಯಲ್ಲಿ ಬರುತ್ತವೆ. ನಮ್ಮ ದೊಡ್ಡವಳು ರಾಜ್ಯೋತ್ಸವದ ನೃತ್ಯಕ್ಕೆ ಒಂದು ವರ್ಷವೂ ಸಿಗಲಿಲ್ಲ. ಸಂಘಟಕರು ನನ್ನ ಮೇಲೆ ಮುನಿಸಿಕೊಂಡರು, ಇರಲಿ.

ಓದಿನ ಬಗ್ಗೆ ಗಂಡಸರು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಒಂದು ವಿಷಯದಲ್ಲಿ ನೂರಕ್ಕೆ 70ಕ್ಕಿಂತ ಕಡಿಮೆ ಬಂದರೂ ಕನಿಷ್ಠ ಮೂರು ವಾರ ಮಗು ಸ್ಪರ್ಧೆಗೆ ಇಳಿಯುವಂತಿಲ್ಲ. ಕೆಲವು ಮುಂದುವರಿದ ಕೋರ್ಸುಗಳಿಗೆ ಮಾತ್ರ ವಿನಾಯಿತಿ. ನಾನು ಎಷ್ಟು ಗದರಿಸಿದ್ದರೂ ಆ ನಿಯಮದಷ್ಟು ಕೆಲಸ ಮಾಡುತ್ತಿರಲಿಲ್ಲ.

ಫ್ರಿಸ್ಕೋದ ತಂದೆ:
ಖರ್ಚಿಗೆ ನಾನು ಉತ್ತರಿಸುತ್ತೇನೆ, ಚೆಕ್ ಬರೆದವನು ನಾನೇ. ನಮ್ಮಲ್ಲಿ ಶುಲ್ಕ, ಬಟ್ಟೆ, ಜಾಜ್ ಶೂ, ಕೈಗವಸು, ಮೇಕಪ್ ಎಲ್ಲ ಸೇರಿ ಐದಾರು ನೂರು ಡಾಲರ್. ಶಾಲೆಯಿಂದ ಶಾಲೆಗೆ ಇದು ದುಪ್ಪಟ್ಟಾಗಬಹುದು. ಜನವರಿಯಿಂದ ಒಳಾಂಗಣದಲ್ಲಿ ನಡೆಯುವ ವಿಂಟರ್ ಗಾರ್ಡ್‌ಗೆ ಸೇರಿದರೆ ಮತ್ತೊಂದು ಶುಲ್ಕ. ಕಂತು ಕಟ್ಟಲು, ನೆರವು ಕೇಳಲು ಸಂಕೋಚ ಬೇಡ, ಪೋಷಕರೇ ನಡೆಸುವ ಬೂಸ್ಟರ್ ಕ್ಲಬ್ ಇರುವುದೇ ಅದಕ್ಕೆ. ಆದರೆ ಆ ಕ್ಲಬ್ ನಿಮ್ಮಿಂದಲೂ ಕೆಲಸ ತೆಗೆಸುತ್ತದೆ. ಪಂದ್ಯದ ದಿನ ಪಾಪ್‌ಕಾರ್ನ್ ಮಾರುವುದು, ಬಸ್ಸಿನಲ್ಲಿ ಮಕ್ಕಳ ಕಾವಲು, ಮೈದಾನಕ್ಕೆ ರಂಗಸಜ್ಜಿಕೆ ತಳ್ಳುವುದು. ಅಪ್ಪಂದಿರ ತಳ್ಳುವ ತಂಡಕ್ಕೆ ಸೇರಿದ ಮೇಲೆಯೇ ನನಗೆ ಈ ಊರಿನಲ್ಲಿ ಆಫೀಸಿನ ಆಚೆ ಸ್ನೇಹಿತರು ಸಿಕ್ಕಿದ್ದು.

ಹ್ಯೂಸ್ಟನ್‌ನ ತಾಯಿ (ಮಗಳು ಹೇಳಿದ್ದನ್ನು ಬರೆದದ್ದು):
ಕಾಲೇಜಿನಿಂದ ಮಗಳು ಮನೆಗೆ ಬಂದಿದ್ದಾಳೆ. ಹೈಸ್ಕೂಲಿನ ನಾಲ್ಕೂ ವರ್ಷ ಗಾರ್ಡ್‌ನಲ್ಲಿ ಇದ್ದವಳು. ಅವಳ ಮಾತನ್ನು ಹಾಗೆಯೇ ಇಲ್ಲಿ ಹಾಕುತ್ತಿದ್ದೇನೆ.

“ಆಂಟಿ, ಮೊದಲು ಕಲಿಸುವುದು ಡ್ರಾಪ್ ಸ್ಪಿನ್. ಆರಡಿ ಕೋಲು, ಅದರ ಮೇಲ್ತುದಿಯಲ್ಲಿ ಬಾವುಟ. ಒಂದು ಕೈ ಕೋಲನ್ನು ಕೆಳಕ್ಕೆ ತಿರುಗಿಸಿ ಬಿಟ್ಟಾಗ ಇನ್ನೊಂದು ಕೈ ಹೆಬ್ಬೆರಳು ಕೆಳಗೆ ಮಾಡಿ ಹಿಡಿಯಬೇಕು. ಹೀಗೆ ಎಂಟರ ಎಣಿಕೆಯಲ್ಲಿ ನಿಲ್ಲದೆ ಸುತ್ತುತ್ತಿರಬೇಕು. ಮೊದಲ ವಾರ ಮುಂದೋಳು, ಮೊಣಕೈ ಎಲ್ಲ ನೀಲಿಗಟ್ಟುತ್ತವೆ. ಯಾರಾದರೂ ಕೇಳಿದರೆ ಗಾಬರಿಯಾಗಬೇಡಿ. ಕೋಲಿನ ಎರಡೂ ತುದಿಗೆ ರಬ್ಬರ್ ಮುಚ್ಚಳ ಇದೆಯೇ ಎಂದು ಪ್ರತಿ ದಿನ ನೋಡಿಕೊಳ್ಳಬೇಕು. ತೂಕ ಸಮವಾಗಲು ಒಳಗೆ ಬೋಲ್ಟ್ ಹಾಕಿರುತ್ತಾರೆ, ಮುಚ್ಚಳ ಕಳಚಿದರೆ ಅದು ಹಾರಿ ಬರುತ್ತದೆ. ಮನೆಯೊಳಗೆ ಮಾತ್ರ ಅಭ್ಯಾಸ ಬೇಡ. ನಮ್ಮ ಮನೆಯ ದೀಪದ ಗೊಂಚಲು ಹೋದದ್ದು ಹಾಗೆಯೇ.

ಎಸೆಯುವುದು ತೋಳಿನ ಬಲದಿಂದ ಅಲ್ಲ. ಒಂದು ಕೈ ಕೆಳಕ್ಕೆ ಒತ್ತಬೇಕು, ಇನ್ನೊಂದು ಮೇಲಕ್ಕೆ ಬಿಡಬೇಕು, ಕೋಲು ತಾನೇ ಸುತ್ತುತ್ತದೆ. ಗಾಳಿ ಇದ್ದ ದಿನ ಬಟ್ಟೆ ಹಾಯಿಯಂತೆ ಉಬ್ಬಿ ಎಲ್ಲ ಲೆಕ್ಕ ತಪ್ಪಿಸುತ್ತದೆ, ಅದಕ್ಕೇ ಗಾಳಿಯಲ್ಲೂ ಅಭ್ಯಾಸ ಮಾಡಿಸುತ್ತಾರೆ. ಬಿದ್ದರೆ ಎತ್ತಿಕೊಂಡು ಎಣಿಕೆಗೆ ಸೇರಿಕೊಳ್ಳಬೇಕು, ಮುಖ ಬಾಡಬಾರದು. ರೈಫಲ್ ನಮ್ಮ ಶಾಲೆಯಲ್ಲಿ ಎರಡನೆಯ ವರ್ಷದ ಮೇಲೆಯೇ ಕೊಡುತ್ತಿದ್ದರು. ಅದು ಮರದ್ದೇ ಆದರೂ ಚೀಲದಲ್ಲಿ ಹಾಕಿಕೊಂಡೇ ಓಡಾಡಬೇಕು, ದೂರದಿಂದ ನೋಡಿದವರಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಭರತನಾಟ್ಯ ಬಂದವರಿಗೆ ತಾಳ, ಮುಖಭಾವ, ವೇದಿಕೆಯ ಧೈರ್ಯ ಮೊದಲೇ ಇರುತ್ತವೆ. ತೊಂದರೆ ಕಾಲಿನದು. ನಮಗೆ ಅರಮಂಡಿಯಲ್ಲಿ ಕೂರುವುದು, ಪಾದ ತಟ್ಟುವುದು ಅಭ್ಯಾಸ. ಅಲ್ಲಿ ಬ್ಯಾಲೆ ಕ್ರಮ, ಮಂಡಿ ನೇರ, ಕಾಲ್ಬೆರಳು ಚಾಚಿರಬೇಕು, ಹೆಜ್ಜೆಯ ಸದ್ದು ಕೇಳಬಾರದು. ನನಗೆ ಕೋಲಿಗಿಂತ ಇದೇ ಕಷ್ಟವಾಯಿತು.”

ಆಸ್ಟಿನ್‌ನ ನಾಟ್ಯ ಶಿಕ್ಷಕಿ:
ಶಿಷ್ಯೆಯರಲ್ಲಿ ಹಲವರು ಹೀಗೆ ಹೋಗಿದ್ದಾರೆ, ನನ್ನ ಅನುಭವ ಹೇಳುತ್ತೇನೆ. ಬಿಟ್ಟು ಹೋದವರು ಕಲರ್ ಗಾರ್ಡ್‌ನಿಂದಾಗಿ ಬಿಡಲಿಲ್ಲ, ಎರಡನ್ನೂ ಪೂರ್ತಿ ವೇಗದಲ್ಲಿ ನಡೆಸಲು ಹೋಗಿ ದಣಿದು ಬಿಟ್ಟರು. ಗುರುಗಳ ಬಳಿ ಈಗಲೇ ಹೋಗಿ ಮಾತಾಡಿ. ಆಗಸ್ಟ್‌ನಿಂದ ನವೆಂಬರ್‌ವರೆಗೆ ವಾರಕ್ಕೆ ಒಂದೇ ಪಾಠ, ಹೊಸ ವರ್ಣ (ಭರತನಾಟ್ಯದ ದೀರ್ಘ ನೃತ್ಯಬಂಧ) ಬೇಡ, ಕಲಿತದ್ದರ ಪುನರಾವರ್ತನೆ ಸಾಕು. ರಂಗಪ್ರವೇಶದ ಯೋಚನೆ ಇದ್ದರೆ ಬೇಸಿಗೆಯ ಆರಂಭಕ್ಕೆ ಇಟ್ಟುಕೊಳ್ಳಿ, ಮತ್ತು ಆ ವರ್ಷ ವಿಂಟರ್ ಗಾರ್ಡ್ ಬೇಡ. ವಿಂಟರ್ ಗಾರ್ಡ್ ಎಂದರೆ ಬ್ಯಾಂಡ್ ಇಲ್ಲದೆ, ಜಿಮ್ನಾಸಿಯಂ ನೆಲಕ್ಕೆ ದೊಡ್ಡ ಹಾಸು ಹಾಸಿ, ಧ್ವನಿಮುದ್ರಿತ ಸಂಗೀತಕ್ಕೆ ಮಾಡುವ ಪ್ರದರ್ಶನ. 1977ರಲ್ಲಿ ವಿಂಟರ್ ಗಾರ್ಡ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ ಹುಟ್ಟಿದ ಮೇಲೆ ಇದು ಒಂದು ಕಲೆಯಾಗಿಯೇ ಬೆಳೆಯಿತು. ಏಪ್ರಿಲ್‌ನಲ್ಲಿ ಓಹಾಯೋದ ಡೇಟನ್‌ನಲ್ಲಿ ಅಂತಿಮ ಸ್ಪರ್ಧೆ. ಅಲ್ಲಿ ಉಪಕರಣದ ಕೌಶಲಕ್ಕೆ ಒಬ್ಬ ತೀರ್ಪುಗಾರರಾದರೆ ದೇಹದ ಚಲನೆಗೇ ಬೇರೊಬ್ಬರು. ನೃತ್ಯ ಗೊತ್ತಿರುವ ನಮ್ಮ ಮಕ್ಕಳು ಹೊಳೆಯುವುದು ಅಲ್ಲಿ.

ಕೇಟಿ ಎಂಬ ಊರಿನ ತಂದೆ:
ಎಲ್ಲರೂ ಹೊಗಳುತ್ತಿದ್ದೀರಿ, ನನ್ನದು ಸ್ವಲ್ಪ ಬೇರೆ. ನಮ್ಮ ಮಗಳ ಶಾಲೆಯಲ್ಲಿ ಕಲಿಸುವವರು ಸ್ಪರ್ಧೆಗಳ ಋತುವಿನ ನಡುವೆಯೇ ಬಿಟ್ಟು ಹೋದರು. ಹಿರಿಯ ವಿದ್ಯಾರ್ಥಿಗಳೇ ತಂಡ ನಡೆಸಿದರು, ಅವರಲ್ಲೇ ಗುಂಪುಗಳಾದವು, ಇವಳು ಅಳುತ್ತ ಮನೆಗೆ ಬರುವುದು ಮಾಮೂಲಾಯಿತು. ಋತು ಮುಗಿಸಿ ಬಿಟ್ಟಳು. ನಡುವೆ ಬಿಡಲು ನಾವು ಒಪ್ಪಲಿಲ್ಲ, ಏಕೆಂದರೆ ಮೈದಾನದ ವಿನ್ಯಾಸದಲ್ಲಿ ಪ್ರತಿ ಮಗುವಿಗೂ ಒಂದು ಜಾಗ ಇರುತ್ತದೆ, ಒಬ್ಬರು ಹೋದರೆ ಆ ಜಾಗ ಎಲ್ಲರ ಕಣ್ಣಿಗೂ ಬೀಳುತ್ತದೆ. ಶಾಲೆಗೆ ಟ್ರೋಫಿ ಎಷ್ಟು ಬಂದಿದೆ ಎಂದು ನೋಡಬೇಡಿ. ಕಲಿಸುವವರು ಎಷ್ಟು ವರ್ಷದಿಂದ ಇದ್ದಾರೆ ಎಂದು ಕೇಳಿ.

ಇಂಡಿಯಾನಾದ ತಾಯಿ:
ನಮ್ಮದು ಗಂಡು ಮಗು. ಹುಡುಗರೂ ಸೇರುತ್ತಾರೆ ಎಂದು ಹೇಳಲಷ್ಟೇ ಬರೆದೆ. ಅಜ್ಜಿಗೆ ವಿಡಿಯೋ ಕಳಿಸಿದಾಗ, “ನಂದಿಕೋಲು ಹೊತ್ತ ವಂಶದವನು ಕೋಲು ಬಿಡುತ್ತಾನೆಯೇ” ಎಂದರು. ಹೆಚ್ಚಿಗೆ ಏನೂ ವಿವರಿಸಬೇಕಾಗಲಿಲ್ಲ.

ಡಲ್ಲಾಸ್ ಹತ್ತಿರದ ತಾಯಿ (ಪ್ರಶ್ನೆ ಕೇಳಿದವರು):
ಎಲ್ಲರಿಗೂ ಧನ್ಯವಾದ. ಮುಂದಿನ ವಾರ ಪೋಷಕರ ಸಭೆ ಇದೆ. ಅಲ್ಲಿ ಏನು ಕೇಳಲಿ? ಇನ್ನೊಂದು ವಿಷಯ, ಮೈಗೆ ಅಂಟುವ ಆ ಬಟ್ಟೆಯ ಬಗ್ಗೆ ನಮ್ಮ ಅತ್ತೆಯವರಿಗೆ ಸಮಾಧಾನವಿಲ್ಲ.

ಪ್ಲೇನೋದಿಂದ, ಇಬ್ಬರು ಹೆಣ್ಣುಮಕ್ಕಳ ತಾಯಿ:
ಕೇಟಿಯವರು ಹೇಳಿದ್ದನ್ನೇ ಮೊದಲು ಕೇಳಿ. ಆಮೇಲೆ, ಒಟ್ಟು ಶುಲ್ಕದಲ್ಲಿ ಏನೇನು ಸೇರಿದೆ, ಹಬ್ಬಕ್ಕೆ ರಜೆ ಬೇಕಿದ್ದರೆ ಎಷ್ಟು ಮುಂಚೆ ತಿಳಿಸಬೇಕು, ಬಿಸಿಲು ಮಿತಿಮೀರಿದ ದಿನ ಅಭ್ಯಾಸವನ್ನು ಒಳಗೆ ಮಾಡಿಸುತ್ತಾರೆಯೇ. ಪ್ರವಾಸದ ಊಟದಲ್ಲಿ ಸಸ್ಯಾಹಾರ ಇದೆಯೇ ಎಂದು ನೀವಾಗಿ ಕೇಳದಿದ್ದರೆ ಮಗುವಿಗೆ ಬರೀ ಚಿಪ್ಸ್ ಸಿಗುತ್ತದೆ. ದೀಪಾವಳಿಯ ದಿನಾಂಕವನ್ನು ಮೇ ತಿಂಗಳಲ್ಲೇ ಬರೆದು ಕೊಡಿ, ಅಕ್ಟೋಬರಿನಲ್ಲಿ ಕೇಳಿದರೆ ಆಗುವುದಿಲ್ಲ. ಬಟ್ಟೆಯ ವಿಷಯಕ್ಕೆ ಒಳಗೆ ಚರ್ಮದ ಬಣ್ಣದ ತುಂಬುತೋಳಿನ ಅಂಗಿ ಹಾಕಿಕೊಳ್ಳಲು ನಮ್ಮಲ್ಲಿ ಬಿಡುತ್ತಾರೆ, ಕೇಳಿ ನೋಡಿ. ಅತ್ತೆಯವರನ್ನು ಒಂದು ಶುಕ್ರವಾರ ಪಂದ್ಯಕ್ಕೆ ಕರೆದುಕೊಂಡು ಹೋಗಿ. ನಮ್ಮ ಅತ್ತೆ ಎರಡನೆಯ ಸಲದಿಂದ ತಾವೇ ಶಾಲು ಹೊದ್ದು ಕಾರಿನಲ್ಲಿ ಕುಳಿತಿರುತ್ತಿದ್ದರು.

ಫ್ರಿಸ್ಕೋದ ತಂದೆ:
ಆಡಿಷನ್‌ಗೆ ಮುಂಚೆ ಅಭ್ಯಾಸಕ್ಕೆ ಹೊಸದು ಕೊಳ್ಳಬೇಡಿ. ನಮ್ಮ ಗ್ಯಾರೇಜಿನಲ್ಲಿ ಆರಡಿ ಕೋಲೊಂದು ಇದೆ. ಬಾವುಟ ಅಂಚಿನಲ್ಲಿ ಹರಿದಿದೆ, ಒಂದು ಹೊಲಿಗೆ ಹಾಕಿದರೆ ಸಾಕು. ಕೆಳಗಿನ ರಬ್ಬರ್ ಮುಚ್ಚಳ ಮಾತ್ರ ಸವೆದಿದೆ, ಹಾರ್ಡ್‌ವೇರ್ ಅಂಗಡಿಯಲ್ಲಿ ಕೋಲನ್ನೇ ತೋರಿಸಿ ಅಳತೆಗೆ ಸರಿಯಾದದ್ದು ಹಾಕಿಸಿಕೊಳ್ಳಿ. ಶನಿವಾರ ಬೆಳಿಗ್ಗೆ ಮನೆಯಲ್ಲಿರುತ್ತೇವೆ. ಮಗಳನ್ನೂ ಕರೆದುಕೊಂಡು ಬನ್ನಿ, ನಮ್ಮವಳು ಡ್ರಾಪ್ ಸ್ಪಿನ್ ತೋರಿಸಿಕೊಡುತ್ತಾಳೆ, ಹಿತ್ತಲಿನಲ್ಲಿ.