ಭಾನುವಾರದ ಪ್ರಶ್ನೋತ್ತರ: ಎಚ್‌ಆರ್ ಮೇಡಂ ಅವರನ್ನು ಕೇಳಿ

ಅಡ್ಮಿನ್: ಇವತ್ತು ಶೈಲಜಾ ಮೇಡಂ ಉತ್ತರ ಕೊಡ್ತಾರೆ. ಬೆಂಗಳೂರಿನಲ್ಲಿ ನೇಮಕಾತಿ ಕೆಲಸದಲ್ಲಿರುವವರು. ಒಬ್ಬರಿಗೆ ಒಂದೇ ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ರೂಪಾ, ಹಾಸನ: ಮೇಡಂ, ಕಳೆದ ವರ್ಷ ಬಿ.ಕಾಂ. ಮುಗೀತು. ಯುವನಿಧಿ ಬರ್ತಿದೆ. ಆಡಿಟರ್ ಆಫೀಸಲ್ಲಿ 12 ಸಾವಿರಕ್ಕೆ ಕರೀತಿದ್ದಾರೆ. ಸೇರಿದರೆ ದುಡ್ಡು ನಿಂತು ಹೋಗುತ್ತಾ?

ಶೈಲಜಾ: ನಿಲ್ಲುತ್ತೆ, ನಿಲ್ಲಲೇಬೇಕು. ಅದು ಕೆಲಸ ಸಿಗೋವರೆಗೆ ಮಾತ್ರ, ಹೆಚ್ಚೆಂದರೆ ಎರಡು ವರ್ಷ. ತಿಂಗಳಿಗೆ 3,000ಕ್ಕೋಸ್ಕರ 12 ಸಾವಿರ ಬಿಡ್ತೀರಾ? ಸೇರಿ. ಟ್ಯಾಲಿ ಬರುತ್ತಲ್ವಾ, ಅಲ್ಲಿ ಜಿಎಸ್‌ಟಿ ರಿಟರ್ನ್ (ಜಿಎಸ್‌ಟಿಆರ್-1, 3ಬಿ) ಹಾಕೋದು ಕೈಗೆ ಹತ್ತಿಸಿಕೊಳ್ಳಿ. ಮುಂದಿನ ಕೆಲಸಕ್ಕೆ ಅದನ್ನೇ ಕೇಳ್ತಾರೆ.

ಮಂಜು: ನೋಟಿಸ್ ಪೀರಿಯಡ್ 90 ದಿನ ಇದೆ ಮೇಡಂ. ಹೊಸ ಕಂಪನಿ 30 ದಿನದಲ್ಲಿ ಬಾ ಅಂತಿದೆ. ಏನು ಮಾಡಲಿ?

ದಾವಣಗೆರೆ ಮೆಕ್ಯಾನಿಕಲ್: ಮೇಡಂ ನಮಸ್ಕಾರ. 2021ರಲ್ಲಿ ಬಿ.ಇ. ಮುಗಿಸಿದೆ. ಕೆಲಸ ಸಿಗಲಿಲ್ಲ. ಒಂದು ಕನ್ಸಲ್ಟೆನ್ಸಿಯವರು ದುಡ್ಡು ತಗೊಂಡು ಎರಡೂವರೆ ವರ್ಷದ ಟೆಸ್ಟಿಂಗ್ ಎಕ್ಸ್‌ಪೀರಿಯನ್ಸ್ ಲೆಟರ್, ಪೇಸ್ಲಿಪ್ ಎಲ್ಲ ಕೊಟ್ಟರು. ಈಗ ಒಂದು ಐಟಿ ಕಂಪನಿಯಲ್ಲಿ ಆಫರ್ ಬಂದಿದೆ. ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಫಾರ್ಮ್ ಕಳಿಸಿದ್ದಾರೆ, ಯುಎಎನ್ (ಪಿಎಫ್ ನಂಬರ್) ಕೇಳಿದ್ದಾರೆ. ತುಂಬಿ ಕಳಿಸಲಾ?

ಶೈಲಜಾ: ಕಳಿಸಬೇಡಿ. ಮೊದಲು ಇದಕ್ಕೆ ಉತ್ತರ ಹೇಳಿ. ಕನ್ಸಲ್ಟೆನ್ಸಿಗೆ ಆಧಾರ್, ಪ್ಯಾನ್, ಓಟಿಪಿ ಕೊಟ್ಟಿದ್ದೀರಾ? ಪಿಎಫ್ ಪೋರ್ಟಲ್‌ಗೆ ಲಾಗಿನ್ ಆಗಿ ಸರ್ವಿಸ್ ಹಿಸ್ಟರಿ ನೋಡಿ. ಆಮೇಲೆ, 2021ರಿಂದ ಇಲ್ಲಿವರೆಗೆ ನಿಜವಾಗಿ ಏನು ಮಾಡ್ತಿದ್ರಿ?

ಕಿರಣ್ ಬಿಟಿಎಂ: ಯಾಕೆ ಹೆದರಿಸ್ತೀರಾ? ಬೆಂಗಳೂರಲ್ಲಿ ಅರ್ಧಕ್ಕರ್ಧ ಜನ ಹೀಗೇ ಸೇರಿರೋದು. ನಮ್ಮ ಪಿಜಿಯಲ್ಲೇ ನಾಲ್ಕು ಜನ ಇದ್ದಾರೆ.

ಶೈಲಜಾ: ಸಿಕ್ಕಿಬಿದ್ದವರು ಪಿಜಿ ಖಾಲಿ ಮಾಡಿ ಊರಿಗೆ ಹೋಗಿರ್ತಾರೆ. ಅದಕ್ಕೇ ನಿಮಗೆ ಕಾಣಿಸ್ತಿಲ್ಲ.

ಸುನೀಲ್: ಉಪಯುಕ್ತ ಮಾಹಿತಿ, ಎಲ್ಲರಿಗೂ ಶೇರ್ ಮಾಡಿ. ರೆಸ್ಯೂಮೆ ಕೆಳಗೆ ಬಿಳಿ ಅಕ್ಷರದಲ್ಲಿ ಜಾವಾ, ಪೈಥಾನ್, ಎಸ್‌ಎಪಿ ಅಂತ 50 ಸಲ ಬರೆಯಿರಿ. ಕಂಪ್ಯೂಟರ್ ಓದುತ್ತೆ, ಮನುಷ್ಯರಿಗೆ ಕಾಣಲ್ಲ. 100% ಇಂಟರ್‌ವ್ಯೂ ಕಾಲ್ ಗ್ಯಾರಂಟಿ.

ಶೈಲಜಾ: ಕಾಣುತ್ತೆ. ರೆಸ್ಯೂಮೆ ನಮ್ಮ ಸಿಸ್ಟಮ್‌ಗೆ ಬಂದಾಗ ಬಣ್ಣ ಎಲ್ಲ ಹೋಗಿ ಬರೀ ಅಕ್ಷರ ಉಳಿಯುತ್ತೆ. ಒಂದೇ ಪದ ಸಾಲು ಸಾಲಾಗಿ ಎದುರಿಗೆ ಬರುತ್ತೆ. ನಗ್ತೀವಿ, ಆಮೇಲೆ ರಿಜೆಕ್ಟ್ ಮಾಡ್ತೀವಿ. ಫಾರ್ವರ್ಡ್ ಬೇಡ ಅಂತ ಅಡ್ಮಿನ್ ಮೇಲೇ ಬರೆದಿದ್ದಾರೆ.

ದಾವಣಗೆರೆ ಮೆಕ್ಯಾನಿಕಲ್: ಆಧಾರ್, ಪ್ಯಾನ್, ಓಟಿಪಿ ಎಲ್ಲ ಕೊಟ್ಟಿದ್ದೆ ಮೇಡಂ. ಸರ್ವಿಸ್ ಹಿಸ್ಟರಿಯಲ್ಲಿ ನಾನು ಯಾವತ್ತೂ ನೋಡಿರದ ಕಂಪನಿ ಹೆಸರಿದೆ. ಸೇರಿದ್ದು 2022ರ ಜೂನ್ ಅಂತಿದೆ. ನಿಜವಾಗಿ ನಾನು ಪೀಣ್ಯ 2ನೇ ಹಂತದಲ್ಲಿ ಮಾವನ ವರ್ಕ್‌ಶಾಪಲ್ಲಿದ್ದೆ. ಒಂಬತ್ತು ಜನ ಇರೋ ಜಾಬ್ ವರ್ಕ್ ಶಾಪ್. ಸಿಎನ್‌ಸಿ (ಕಂಪ್ಯೂಟರ್‌ನಿಂದ ನಡೆಯೋ ಮೆಷಿನ್) ಸೆಟ್ಟಿಂಗ್ ಮಾಡ್ತಿದ್ದೆ, ಕೊಟೇಶನ್ ಹಾಕ್ತಿದ್ದೆ. ಅದೆಲ್ಲ ಎಕ್ಸ್‌ಪೀರಿಯನ್ಸ್ ಅಲ್ಲವಲ್ಲ ಮೇಡಂ.

ಶೈಲಜಾ: ಅಯ್ಯೋ ಮಾರಾಯ. ಅದೇ ಎಕ್ಸ್‌ಪೀರಿಯನ್ಸ್! ಕೈಯಲ್ಲಿ ನಿಜವಾದ ಕೆಲಸ ಇಟ್ಟುಕೊಂಡು ಸುಳ್ಳು ಕೊಂಡುಕೊಂಡಿದ್ದೀರಿ.

ಮೊದಲು ಅಪಾಯದ ವಿಷಯ. ಈಗ ನಿಮ್ಮ ಪಿಎಫ್ ದಾಖಲೆಯಲ್ಲೇ ಸುಳ್ಳು ಕಂಪನಿ ಕೂತಿದೆ. ಯುಎಎನ್ 12 ಅಂಕಿಯ ಒಂದೇ ನಂಬರ್, ಎಲ್ಲಿ ಕೆಲಸಕ್ಕೆ ಸೇರಿದರೂ ಅದೇ ಹಿಂದೆ ಬರುತ್ತೆ. ಇಂಥ ಹೆಸರಿಗಷ್ಟೇ ಇರುವ ಕಂಪನಿಗಳ ಪಟ್ಟಿಯನ್ನು ವೆರಿಫಿಕೇಶನ್ ಮಾಡುವವರೂ ದೊಡ್ಡ ಐಟಿ ಕಂಪನಿಗಳೂ ಇಟ್ಟುಕೊಂಡಿರ್ತಾರೆ. ಆ ವಿಳಾಸಕ್ಕೆ ಆಳು ಕಳಿಸಿ ನೋಡ್ತಾರೆ, ಬೋರ್ಡ್ ಇದೆಯಾ ಅಂತ. ಸೇರಿ ಎಂಟು ತಿಂಗಳಾದ ಮೇಲೆ ಸಿಕ್ಕಿದರೂ ಅದೇ ದಿನ ಲ್ಯಾಪ್‌ಟಾಪ್ ವಾಪಸ್ ತಗೊಂಡು ಕಳಿಸ್ತಾರೆ. ರಿಲೀವಿಂಗ್ ಲೆಟರ್ ಕೊಡಲ್ಲ. ನಕಲಿ ದಾಖಲೆ ನಿಜ ಅಂತ ಕೊಡೋದು ಅಪರಾಧ ಕೂಡ.

ಇವತ್ತೇ ಪಾಸ್‌ವರ್ಡ್ ಬದಲಾಯಿಸಿ. ಪಿಎಫ್‌ಗೆ ಲಿಂಕ್ ಆಗಿರೋ ಮೊಬೈಲ್ ನಂಬರ್ ನಿಮ್ಮದೇನಾ ನೋಡಿ. ಇನ್‌ಕಮ್ ಟ್ಯಾಕ್ಸ್ ಪೋರ್ಟಲ್‌ನಲ್ಲಿ 26ಎಎಸ್ (ತೆರಿಗೆ ಕಡಿತದ ವಿವರ) ತೆಗೆದು, ನಿಮ್ಮ ಪ್ಯಾನ್ ಮೇಲೆ ಯಾರಾದರೂ ಸಂಬಳ ತೋರಿಸಿದ್ದಾರಾ ಪರೀಕ್ಷಿಸಿ. ನೀವು ದುಡ್ಡು ಕೊಟ್ಟಿದ್ದೀರಿ, ಹಾಗಾಗಿ ಪಿಎಫ್ ಕಚೇರಿಗೆ ದೂರು ಬರೆಯೋ ಮುಂಚೆ ಒಬ್ಬ ವಕೀಲರನ್ನು ಕಂಡು ಮಾತಾಡಿ. ಆಫರ್ ಕೊಟ್ಟ ಕಂಪನಿಗೆ ಎರಡು ಸಾಲಿನ ಮೇಲ್ ಹಾಕಿ, ಸೇರಲು ಆಗುತ್ತಿಲ್ಲ ಅಂತ. ಹೊಟ್ಟೆ ಉರಿಯುತ್ತೆ, ಗೊತ್ತು. ಆದರೂ ಬಿಡಿ.

ಈಗ ನಿಜವಾದ ರೆಸ್ಯೂಮೆಗೆ ಬನ್ನಿ. ಮೆಷಿನ್‌ದು ಯಾವ ಕಂಪನಿ ಕಂಟ್ರೋಲ್, ಫ್ಯಾನುಕ್ಕಾ ಸೀಮೆನ್ಸಾ? ಪ್ರೋಗ್ರಾಂ ನೀವೇ ಬರೀತಿದ್ರಾ, ಬರೀ ಆಫ್‌ಸೆಟ್ ಕೊಡ್ತಿದ್ರಾ? ಎಷ್ಟು ಮೈಕ್ರಾನ್ ಟಾಲರೆನ್ಸ್? ರಿಜೆಕ್ಷನ್ ಎಷ್ಟಿತ್ತು, ಎಷ್ಟಕ್ಕಿಳಿಸಿದ್ರಿ? ಇಷ್ಟು ಬರೆದರೆ ಅರ್ಧ ಪುಟ ತುಂಬುತ್ತೆ. ‘ಹಾರ್ಡ್‌ವರ್ಕಿಂಗ್, ಟೀಮ್ ಪ್ಲೇಯರ್’ ಅಂತ ಬರೆಯೋ ಜಾಗದಲ್ಲಿ ಇದನ್ನು ಹಾಕಿ. ಒಂಬತ್ತು ಜನರ ಶಾಪ್‌ಗೆ ಪಿಎಫ್ ಕಡ್ಡಾಯ ಇಲ್ಲ, ಅದು 20 ಜನರಿಂದ. ಪಿಎಫ್ ಇಲ್ಲ ಅಂದ ಮಾತ್ರಕ್ಕೆ ಅನುಭವ ಸುಳ್ಳಾಗಲ್ಲ. ಮಾವನಿಂದ ಲೆಟರ್‌ಹೆಡ್‌ನಲ್ಲಿ ಪತ್ರ ಬರೆಸಿ. ಜಿಎಸ್‌ಟಿ ನಂಬರ್, ಫೋನ್, ಸೇರಿದ ತಾರೀಕು, ಮಾಡಿದ ಕೆಲಸ ಇರಲಿ. ಜೊತೆಗೆ ಸಂಬಳ ಬಿದ್ದ ಬ್ಯಾಂಕ್ ಸ್ಟೇಟ್‌ಮೆಂಟ್. ಬೊಮ್ಮಸಂದ್ರ, ದಾಬಸ್‌ಪೇಟೆ, ನರಸಾಪುರ, ಹೊಸೂರು ಕಡೆ ಪ್ರೊಡಕ್ಷನ್, ಕ್ವಾಲಿಟಿ ಕೆಲಸಕ್ಕೆ ಹಾಕಿ. ಬೆಳಗಾವಿ ಆದೀತು ಅಂದರೆ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ಮಾಡುವ ಏಕಸ್ ಇದೆ. ಪ್ರೋಗ್ರಾಮಿಂಗ್ ಕಡಿಮೆ ಬಿದ್ದರೆ ಜಿಟಿಟಿಸಿಯಲ್ಲಿ (ಸರ್ಕಾರಿ ಟೂಲ್ ತರಬೇತಿ ಕೇಂದ್ರ) ಶಾರ್ಟ್ ಕೋರ್ಸ್ ಮಾಡಿ.

ಕಿರಣ್ ಬಿಟಿಎಂ: ಶುರುವಿನ ಸಂಬಳ ಐಟಿ ಅರ್ಧದಷ್ಟೂ ಇರಲ್ಲ. ಅದನ್ನೂ ಹೇಳಿ.

ಶೈಲಜಾ: ಶುರುವಿನಲ್ಲಿ ಕಡಿಮೆನೇ. ಅವರಿಗೆ ಗೊತ್ತಿದೆ.

ಪವಿತ್ರಾ, ಧಾರವಾಡ: 29 ವರ್ಷ. ಕೆಎಎಸ್‌ಗೆ ಓದ್ತಿದ್ದೀನಿ. ರೆಸ್ಯೂಮೆಯಲ್ಲಿ ಗ್ಯಾಪ್ ಹೇಗೆ ತೋರಿಸಲಿ?

ಶೈಲಜಾ: ಇದ್ದ ಹಾಗೆ. ‘ಸ್ಪರ್ಧಾತ್ಮಕ ಪರೀಕ್ಷೆಗೆ ಸಿದ್ಧತೆ’, ಇಸವಿ, ಒಂದೇ ಸಾಲು. ಪ್ರಿಲಿಮ್ಸ್ ಪಾಸಾಗಿದ್ದರೆ ಅದನ್ನೂ ಬರೆಯಿರಿ.

ಸಂತೋಷ್: ಅಕ್ಕ, ಕೆಪಿಎಸ್‌ಸಿ ನಂಬಿ ಕೂತರೆ ಅಷ್ಟೇ. 384 ಹುದ್ದೆಗೆ 2024ರ ಆಗಸ್ಟಲ್ಲಿ ಪರೀಕ್ಷೆ ಮಾಡಿ, ಕನ್ನಡ ಅನುವಾದ ಕೆಡಿಸಿ, ಡಿಸೆಂಬರಲ್ಲಿ ಮತ್ತೆ ಮಾಡಿದರು. ಅದರಲ್ಲೂ ತಪ್ಪು.

ಗಿರೀಶ್: ಖಾಸಗಿಯಲ್ಲಿ ಏನು ಸುಖ? 45 ಆದಮೇಲೆ ಮನೆಗೆ ಕಳಿಸ್ತಾರೆ. ಸರ್ಕಾರಿ ಕೆಲಸವೇ ಕೆಲಸ.

ಸಂತೋಷ್: ಸಿಕ್ಕರೆ ತಾನೆ! ಖಾಸಗಿಯಲ್ಲೂ ನಮ್ಮವರಿಗೆ ಎಲ್ಲಿದೆ? 2024ರ ಜುಲೈನಲ್ಲಿ ಸ್ಥಳೀಯರಿಗೆ ಮೀಸಲು ಅಂತ ಮಸೂದೆ ಒಪ್ಪಿದರು, ಕೂಡಲೇ ತಡೆಹಿಡಿದರು.

ಗಿರೀಶ್: ಕನ್ನಡಿಗರಿಗೆ ಉದ್ಯೋಗ ಕೊಡೋ ಬಗ್ಗೆ ಸರೋಜಿನಿ ಮಹಿಷಿ ವರದಿ ಬಂದಿದ್ದು 1986ರಲ್ಲಿ. ಇವತ್ತಿಗೂ ಅದನ್ನೇ ಹಿಡ್ಕೊಂಡು ಕೂತಿದ್ದೀರಿ. ಮೊದಲು ಇಂಟರ್‌ವ್ಯೂ ಪಾಸ್ ಮಾಡಲಿ.

ಸಂತೋಷ್: ನಿಮ್ಮಂಥವರಿಂದಲೇ ಹೀಗಾಗಿರೋದು.

ಗಿರೀಶ್: ನೀವು ಎಷ್ಟು ಇಂಟರ್‌ವ್ಯೂ ಕೊಟ್ಟಿದ್ದೀರಿ ಹೇಳಿ ನೋಡೋಣ.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಪವಿತ್ರಾ, ಧಾರವಾಡ: ಕೇಳಿದ್ದು ನಾನು. ಜಗಳ ನಿಮ್ಮದು.

ಮಂಜು: ಮೇಡಂ ನೋಟಿಸ್ ಪೀರಿಯಡ್?

ವೀಣಾ: ಗ್ರಾಮೀಣ ಡಾಕ್ ಸೇವಕ್ ಪೋಸ್ಟ್ ಮಾಡಿಸಿಕೊಡ್ತೀನಿ ಅಂತ ಒಬ್ಬರು 40 ಸಾವಿರ ಕೇಳ್ತಿದ್ದಾರೆ. ನಂಬಬಹುದಾ?

ಶೈಲಜಾ: ಅದಕ್ಕೆ ಪರೀಕ್ಷೆಯೂ ಇಲ್ಲ, ಇಂಟರ್‌ವ್ಯೂನೂ ಇಲ್ಲ. ಎಸ್‌ಎಸ್‌ಎಲ್‌ಸಿ ಅಂಕದ ಮೇಲೆ ಪಟ್ಟಿ. ಮಾಡಿಸಿಕೊಡೋಕೆ ಅಲ್ಲೇನಿದೆ? ಕೊಡಬೇಡಿ.

ರಾಘು: ಗ್ಯಾಪ್ ಇದ್ದರೆ ಎಕ್ಸ್‌ಪೀರಿಯನ್ಸ್ ಲೆಟರ್ ತಗೋಬಹುದಾ ಮೇಡಂ?

ಶೈಲಜಾ: ಮೇಲೆ ಓದಿ.

ನಸೀಮಾ: ಎರಡು ವರ್ಷ ಗ್ಯಾಪ್ ಇದೆ, ಲೆಟರ್ ಮಾಡಿಸಿದರೆ ನಡೆಯುತ್ತಾ?

ಶೈಲಜಾ: ಇಲ್ಲ.

ಸುನೀಲ್: ಗುರುವಾರ ಇಂಟರ್‌ವ್ಯೂಗೆ ಹೋಗುವಾಗ ಜೇಬಲ್ಲಿ ಅರಿಶಿನದ ಕೊಂಬು ಇಟ್ಟುಕೊಂಡರೆ ಕೆಲಸ ಖಚಿತ. ಎಷ್ಟೋ ಜನರಿಗೆ ಫಲ ಸಿಕ್ಕಿದೆ.

ಶೈಲಜಾ: ಸುನೀಲ್ ಅವರೇ, ಜೇಬಲ್ಲಿ ಏನಾದರೂ ಇಟ್ಟುಕೊಳ್ಳಿ. ಇಲ್ಲಿ ಮಾತ್ರ ಹಾಕಬೇಡಿ. ಅಡ್ಮಿನ್, ಇನ್ನೊಂದು ಫಾರ್ವರ್ಡ್ ಬಂದರೆ ನಾನು ಹೊರಡ್ತೀನಿ.

ಸುನೀಲ್: ಒಳ್ಳೇದಕ್ಕೆ ಹೇಳಿದರೂ ತಪ್ಪಾ? ಓದಿದವರಿಗೆ ಅಹಂಕಾರ ಜಾಸ್ತಿ.

ದಾವಣಗೆರೆ ಮೆಕ್ಯಾನಿಕಲ್: ಆಫರ್ ಬೇಡ ಅಂತ ಮೇಲ್ ಹಾಕಿದೆ ಮೇಡಂ. 26ಎಎಸ್‌ನಲ್ಲಿ ಏನೂ ಇಲ್ಲ. ಫ್ಯಾನುಕ್ ಕಂಟ್ರೋಲ್, ಸಣ್ಣ ಪ್ರೋಗ್ರಾಂ ನಾನೇ ಬರೀತಿದ್ದೆ. ಮಾವ ಪತ್ರ ಕೊಡ್ತಾರಂತೆ. ಕೊಡ್ತಿದ್ದಿದ್ದು 14 ಸಾವಿರ, 30 ಸಾವಿರ ಅಂತ ಹಾಕಲಾ ಅಂತ ಕೇಳ್ತಿದ್ದಾರೆ.

ಶೈಲಜಾ: ಬೇಡ! ಕೊಟ್ಟಷ್ಟೇ ಬರೆಸಿ. ಸ್ಟೇಟ್‌ಮೆಂಟ್‌ಗೆ ತಾಳೆ ಆಗಬೇಕು. ಮಾವನಿಗೂ ಇದನ್ನು ತೋರಿಸಿ.

ಮಂಜು: ಮೇಡಂ, 90 ದಿನ?