ಹಸಿರು ಕುತ್ತಿಗೆ ಇದ್ದ ಮಾತ್ರಕ್ಕೆ ಹಸಿರು ನವಿಲಲ್ಲ

ಪ್ರಶ್ನೆ: ಸರ್, ಬಂಕಾಪುರ ಕೋಟೆ ಕಡೆಯಿಂದ ನಮ್ಮ ಹೊಲಕ್ಕ ದಿನಾ ನವಿಲು ಬರ್ತಾವ್ರಿ. ಕೆಲವಕ್ಕ ಕುತ್ತಿಗಿ ನೀಲಿ, ಕೆಲವಕ್ಕ ಹಸಿರು. ಹಸಿರು ಇದ್ದವು ಬರ್ಮಾದ ಜಾತಿ ಅಂತಾರ, ಖರೇನ್ರಿ?

ಉತ್ತರ: ಅಲ್ಲರಿ. ಅವು ನಮ್ಮ ಭಾರತೀಯ ನವಿಲಿನ ಹೆಣ್ಣು. ಹಸಿರು ನವಿಲು ಬೇರೆಯೇ ಜಾತಿ, ಮ್ಯಾನ್ಮಾರ್, ಥಾಯ್ಲೆಂಡ್, ವಿಯೆಟ್ನಾಂ, ಜಾವಾ ಕಡೆಯದು. ಅಲ್ಲಿಯೂ ಅಳಿವಿನ ಅಂಚಿನಲ್ಲಿದೆ. ಮೂರನೆಯದು ಆಫ್ರಿಕಾದ ಕಾಂಗೋ ನವಿಲು. 1936ರಲ್ಲಷ್ಟೇ ವಿಜ್ಞಾನಕ್ಕೆ ಗೊತ್ತಾದ ಅದಕ್ಕೆ ಉದ್ದ ಗರಿಗಳೇ ಇಲ್ಲ. ಬಿಳಿ ನವಿಲನ್ನು ಈ ಲೆಕ್ಕಕ್ಕೆ ಸೇರಿಸಬೇಡ್ರಿ, ಅದು ನಮ್ಮದೇ ಜಾತಿಯ ಬಣ್ಣಗೆಟ್ಟ ರೂಪ.

ಕುತ್ತಿಗೆ ಬಿಟ್ಟು ಜುಟ್ಟು ನೋಡ್ರಿ. ನಮ್ಮ ನವಿಲಿನದು ಬಿಚ್ಚಿದ ಬೀಸಣಿಗೆ: ಕಡ್ಡಿ ಬರಿದು, ತುದಿಗಷ್ಟೇ ಚೂರು ಗರಿ. ಹಸಿರು ನವಿಲಿನದು ಒಟ್ಟಾಗಿ ಕಟ್ಟಿದ ಕುಂಚದ ಹಾಗೆ ಕಿರಿದು, ನೆಟ್ಟಗೆ, ಎತ್ತರ. ಕಣ್ಣಿನ ಸುತ್ತ ನಮ್ಮದಕ್ಕೆ ಬಿಳಿ ಚರ್ಮ, ಅದಕ್ಕೆ ನೀಲಿ-ಹಳದಿ. ಅಲ್ಲಿ ಹೆಣ್ಣೂ ಹೆಚ್ಚುಕಡಿಮೆ ಗಂಡಿನ ಬಣ್ಣದ್ದೇ. ನಮ್ಮಲ್ಲಿ ಹೆಣ್ಣಿನ ಬೆನ್ನು ಕಂದು, ಹೊಟ್ಟೆ ಬಿಳಿ.

ಪ್ರಶ್ನೆ: ಅಕ್ಟೋಬರದಾಗ ನೀಲಿ ಕುತ್ತಿಗಿ ಗಂಡಿಗೂ ಗರಿ ಇರಲಿಲ್ರಿ. ಯಾರರ ಕಿತ್ತಿರಬೇಕೇನು?

ಉತ್ತರ: ಮಳೆಗಾಲ ಮುಗಿಯುವ ಹೊತ್ತಿಗೆ ಗಂಡು ಆ ಉದ್ದ ಗರಿಗಳನ್ನು ತಾನೇ ಉದುರಿಸುತ್ತದೆ. ಎಳೆಯ ಗಂಡಿಗಂತೂ ಮೂರನೇ ವರ್ಷದ ತನಕ ಪೂರ್ತಿ ಗರಿ ಬರುವುದಿಲ್ಲ. ಆದರೂ ಅನುಮಾನ ಇದ್ದರೆ ಬಿದ್ದ ಗರಿಯ ಬುಡ ನೋಡ್ರಿ. ತಾನಾಗಿ ಉದುರಿದ್ದರ ಬುಡ ಒಣಗಿ ಸ್ವಚ್ಛ ಇರುತ್ತದೆ. ರಕ್ತದ ಕಲೆಯೋ ಮಾಂಸದ ಚೂರೋ ಅಂಟಿದ್ದರೆ ಕಿತ್ತದ್ದು, ತಡಮಾಡದೆ ಅರಣ್ಯ ಇಲಾಖೆಗೆ ತಿಳಿಸ್ರಿ.

ಪ್ರಶ್ನೆ: ಗೋವಿನಜೋಳಕ್ಕ ಎಡಿ ಹೊಡಿವಾಗ ಐದು ತತ್ತಿ ಸಿಕ್ಕಾವ್ರಿ. ಕೋಳಿ ಕೆಳಗ ಕಾವಿಗೆ ಇಡ್ಲೇನು?

ಉತ್ತರ: ದಯವಿಟ್ಟು ಬೇಡ. 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿರುವ ಹಕ್ಕಿ, ತತ್ತಿ ಎತ್ತುವುದೇ ಅಪರಾಧ. ಕೋಳಿಯ ಹಿಕ್ಕೆಯಿಂದ ಪಿತ್ತಜನಕಾಂಗ-ಕರುಳಿನ ಪರೋಪಜೀವಿ ರೋಗ ತಗುಲಿ ಮರಿಗಳು ಸಾಯುವ ಅಪಾಯವೂ ಇದೆ. ಕೋಳಿಗೆ ಅದರಿಂದ ಅಷ್ಟು ಬಾಧೆ ಕಾಣದು, ನವಿಲು ಮರಿಗೆ ತಡೆಯದು. ಗೂಡಿನ ಸುತ್ತ ಎರಡು-ಮೂರು ಮೀಟರು ಎಡೆ ಹೊಡೆಯದೆ ಬಿಡ್ರಿ, ಕಳೆಯನ್ನೂ ಕೀಳಬೇಡ್ರಿ. ಆ ಮರೆ ಹೋದರೆ ಕಾಗೆ, ಮುಂಗುಸಿ, ನಾಯಿಗೆ ತತ್ತಿ ಕಾಣುತ್ತವೆ. ಪದೇಪದೇ ಹೋಗಿ ನೋಡಿದರೂ ತಾಯಿ ಗೂಡು ಬಿಡಬಹುದು. ಕಾವು ಸುಮಾರು 28 ದಿನ. ಮರಿಗಳು ಬೇಗನೆ ತಾಯಿಯ ಬೆನ್ನು ಹತ್ತಿ ಹೊರಡುತ್ತವೆ, ಆಮೇಲೆ ಆ ಜಾಗ ಹರಗಿಕೊಳ್ರಿ.